ಮಾತ್ರೆ ಬದಲಾಗಬಹುದು, ನಿಲ್ಲಬಾರದು

ವಿದ್ಯಾರ್ಥಿಗಳೇ, ಜ್ವರದ ಮಾತ್ರೆ ಮೂರು ದಿನಕ್ಕೆ ಮುಗಿಯುತ್ತದೆ. ಎಚ್‌ಐವಿ ಮಾತ್ರೆ ಹಾಗಲ್ಲ. ದಿನಾ ನುಂಗಬೇಕು, ಜೀವನಪೂರ್ತಿ ನುಂಗಬೇಕು. ಹಾಗಾಗಿ ಈ ಔಷಧಿಗೆ ಎರಡು ಪರೀಕ್ಷೆ. ವೈರಸ್ಸನ್ನು ತಡೆಯುತ್ತದೆಯೇ? ವರ್ಷಗಟ್ಟಲೆ ನಮ್ಮ ದೇಹ ಅದನ್ನು ತಾಳಿಕೊಳ್ಳುತ್ತದೆಯೇ?

ಅಡ್ಡಪರಿಣಾಮ ಯಾಕೆ ಬರುತ್ತೆ?

ಕೂಕಲ್ತೊರೈ ಸುತ್ತಿನ ಟೀ ತೋಟಗಳಲ್ಲಿ ಕಳೆನಾಶಕ ಹೊಡೆಯುವವರನ್ನು ಗಮನಿಸಿ. ಟೀ ಚಿಗುರಿಗೆ ತಾಗದ ಹಾಗೆ ನಳಿಕೆಯನ್ನು ನೆಲಕ್ಕೆ ಬಗ್ಗಿಸಿ ಹೊಡೀತಾರೆ. ಕಳೆಯೂ ಗಿಡ, ಟೀಯೂ ಗಿಡ. ಒಳಗಿನ ಕೆಲಸ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ರಕ್ತದಲ್ಲಿ ಹರಿಯುವ ಔಷಧಿಗೆ ಹೀಗೆ ನಳಿಕೆ ಬಗ್ಗಿಸಲು ಆಗುವುದಿಲ್ಲ.

ಎಚ್‌ಐವಿ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ನಕಲು ಮಾಡುತ್ತದೆ. ಈ ಕೆಲಸ ಮಾಡುವ ಕಿಣ್ವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಸ್ಟ್ಯಾವುಡಿನ್ ಎಂಬ ಔಷಧಿ ಡಿಎನ್‌ಎಯ 'ಟಿ' ಅಕ್ಷರದ ಹಾಗೆಯೇ ಕಾಣುತ್ತದೆ. ಕಿಣ್ವ ಮೋಸಹೋಗಿ ಅದನ್ನು ಜೋಡಿಸುತ್ತದೆ. ಆದರೆ ಮುಂದಿನ ಅಕ್ಷರ ಸೇರಿಸಲು ಬೇಕಾದ ಕೊಂಡಿ ಅದರಲ್ಲಿಲ್ಲ. ನಕಲು ಅಲ್ಲಿಗೇ ನಿಲ್ಲುತ್ತದೆ.

ತೊಂದರೆ ಎಲ್ಲಿ? ನಮ್ಮ ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಗೂ ಸ್ವಂತ ಡಿಎನ್‌ಎ ಇದೆ. ಅದನ್ನು ನಕಲು ಮಾಡುವ ಕಿಣ್ವವೂ ಇದೇ ಮೋಸಕ್ಕೆ ಬೀಳುತ್ತದೆ. ಆಗ ನರಗಳು ಸೊರಗಿ ಪಾದ ಉರಿಯುತ್ತದೆ, ಕೆನ್ನೆಯ ಕೊಬ್ಬು ಕರಗುತ್ತದೆ.

ಮುಖ ನೋಡಿ ಗುರುತಿಸುತ್ತಿದ್ದ ಕಾಲ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಡಾ. ಸುನೀತಿ ಸಾಲೊಮನ್ ಅವರ ತಂಡದಿಂದ. ಸರ್ಕಾರದ ಉಚಿತ ಚಿಕಿತ್ಸೆ ಶುರುವಾದದ್ದು 2004ರ ಏಪ್ರಿಲ್ 1ರಂದು. ಆಗ ಹಲವರಿಗೆ ಸಿಕ್ಕಿದ್ದು ಅಗ್ಗದ ಸ್ಟ್ಯಾವುಡಿನ್ ಇದ್ದ ಮಾತ್ರೆ. ಅದು ಜೀವ ಉಳಿಸಿತು. ಆದರೆ ಗುಳಿಬಿದ್ದ ಕೆನ್ನೆ ನೋಡಿ ಅಕ್ಕಪಕ್ಕದವರು ಪಿಸುಗುಟ್ಟುವಂತಾದರೆ ಯಾರಿಗೆ ತಾನೇ ಮಾತ್ರೆ ನುಂಗಲು ಮನಸ್ಸು ಬರುತ್ತೆ? 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ಟ್ಯಾವುಡಿನ್ ಬಳಕೆಯನ್ನು ಹಂತಹಂತವಾಗಿ ಕೈಬಿಡಲು ಹೇಳಿತು.

ಈಗ ಹೆಚ್ಚಿನ ದೊಡ್ಡವರಿಗೆ ಕೊಡುವುದು ಟಿಎಲ್‌ಡಿ: ಟೆನೊಫೊವಿರ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300 ಮಿ.ಗ್ರಾಂ, ಡೊಲುಟೆಗ್ರಾವಿರ್ 50 ಮಿ.ಗ್ರಾಂ. ಮೂರೂ ಸೇರಿ ದಿನಕ್ಕೆ ಒಂದೇ ಮಾತ್ರೆ. ಕೆಲವರಿಗೆ ತಲೆನೋವು, ನಿದ್ದೆಗೇಡು, ತೂಕ ಹೆಚ್ಚಳ ಆಗಬಹುದು. ಟೆನೊಫೊವಿರ್ ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದಾದ್ದರಿಂದ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡುತ್ತಾರೆ.

ಕಬ್ಬಿಣದ ಮಾತ್ರೆಯ ಜೊತೆ ಜಾಗ್ರತೆ

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ನಿಮಗೆ ಗೊತ್ತು. ಕಬ್ಬಿಣದ ಅಯಾನು ಡೊಲುಟೆಗ್ರಾವಿರ್‌ಗೆ ಹೊಟ್ಟೆಯಲ್ಲೇ ಅಂಟಿಕೊಂಡರೆ ಔಷಧಿ ರಕ್ತಕ್ಕೆ ಸರಿಯಾಗಿ ಸೇರದು. ಊಟದ ಜೊತೆಗಾದರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಖಾಲಿ ಹೊಟ್ಟೆಯಾದರೆ ಡೊಲುಟೆಗ್ರಾವಿರ್ ಅನ್ನು ಕಬ್ಬಿಣಕ್ಕಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಬೇಕು. ತರಗತಿಯಲ್ಲಿ ಯಾರಾದರೂ 'ಊಟ ಆದ್ಮೇಲೆ ನುಂಗ್ತೀನಿ' ಅಂದರೆ ಕಾರಣ ಕೆದಕಬೇಡಿ. ಎಚ್‌ಐವಿ ಇರುವುದನ್ನು ಬಲವಂತವಾಗಿ ಹೇಳಿಸಬಾರದು, ಶಾಲೆಯಲ್ಲಿ ಭೇದ ಮಾಡಬಾರದು ಎಂದು 2017ರ ಕಾಯ್ದೆಯೇ ಹೇಳುತ್ತದೆ.

ತಾನಾಗಿಯೇ ನಿಲ್ಲಿಸಿದರೆ?

ಎಚ್‌ಐವಿ ಕೆಲವು ಜೀವಕೋಶಗಳಲ್ಲಿ ನಿದ್ರಿಸುತ್ತಾ ಅಡಗಿರುತ್ತದೆ. ಮಾತ್ರೆ ನಿಂತರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಮತ್ತೆ ಹೆಚ್ಚುತ್ತದೆ. ಆಗೊಮ್ಮೆ ಈಗೊಮ್ಮೆ ನುಂಗಿದರೆ ಔಷಧಿಗೆ ಬಗ್ಗದ ವೈರಸ್ ಬೆಳೆಯಬಹುದು. ಆದ್ದರಿಂದ ಪಾದ ಉರಿದರೆ, ಮೈಮೇಲೆ ಗುಳ್ಳೆ ಎದ್ದರೆ, ಕಣ್ಣು ಹಳದಿಯಾದರೆ ಕೂಡಲೇ ಎಆರ್‌ಟಿ ಕೇಂದ್ರದ ವೈದ್ಯರಿಗೆ ಹೇಳಬೇಕು. ಅವರು ಮಾತ್ರೆ ಬದಲಿಸುತ್ತಾರೆ. ದೂರು ಹೇಳಿಕೊಂಡ ರೋಗಿಗಳಿಂದಲೇ ಔಷಧಿಗಳು ಸುಧಾರಿಸಿವೆ.

ಯೋಚಿಸಿ, ಉತ್ತರಿಸಿ

1. ಸ್ಟ್ಯಾವುಡಿನ್ ನರಗಳಿಗೆ ಯಾಕೆ ತೊಂದರೆ ಕೊಡುತ್ತದೆ?
2. ಎಚ್‌ಐವಿಗೆ ಒಂದರ ಬದಲು ಮೂರು ಔಷಧಿ ಯಾಕೆ?
3. 'ತಲೆನೋವು ಬಂತು, ಮಾತ್ರೆ ಬಿಟ್ಟೆ' ಎನ್ನುವವರಿಗೆ ನೀವು ಏನು ಹೇಳುತ್ತೀರಿ?