ಸೇನಾ ಕಾಮಗಾರಿ: ಕೆಲಸದಾಳು ಗೇಟು ದಾಟುವ ಮುನ್ನ ಕೊಡಬೇಕಾದ ಲೆಕ್ಕ

ಬೀದರ್‌ನ ವಾಯುನೆಲೆ, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ, ಬೆಂಗಳೂರಿನ ಜಾಲಹಳ್ಳಿ, ಯಲಹಂಕ – ಸೇನೆಯ ಆವರಣ ಎಂದ ಮೇಲೆ ವಸತಿಗೃಹ, ಉಗ್ರಾಣ, ರಸ್ತೆ, ದುರಸ್ತಿ ಎಂದು ಒಂದಿಲ್ಲೊಂದು ಕೆಲಸ ಇದ್ದೇ ಇರುತ್ತದೆ. ಇಂಥ ಕೆಲಸಗಳಿಗೆ ಹೆಚ್ಚಾಗಿ ಟೆಂಡರ್ ಕರೆಯುವುದು ಮಿಲಿಟರಿ ಎಂಜಿನಿಯರ್ ಸರ್ವೀಸಸ್, ಅಂದರೆ ಎಂಇಎಸ್. ಟೆಂಡರ್ ಹಿಡಿದ ಗುತ್ತಿಗೆದಾರರು ಸಿಮೆಂಟು, ಕಬ್ಬಿಣದ ಲೆಕ್ಕವನ್ನು ಚಾಚೂ ತಪ್ಪದೆ ಇಡುತ್ತಾರೆ. ಆಳುಗಳ ಲೆಕ್ಕ ಮಾತ್ರ ಎಷ್ಟೋ ಕಡೆ ಮೇಸ್ತ್ರಿಯ ಜೇಬಿನ ಪುಸ್ತಕದಲ್ಲೇ ಉಳಿಯುತ್ತದೆ. ಅದರ ಬಿಸಿ ಮೊದಲು ತಟ್ಟುವುದು ಗೇಟಿನಲ್ಲಿ, ಆಮೇಲೆ ಬಿಲ್ಲಿನಲ್ಲಿ. ಅವಘಡವಾದರೆ ಕಾರ್ಮಿಕನ ಮನೆಯವರೇ ಅದನ್ನು ಅನುಭವಿಸಬೇಕು.

ಮೊದಲು ಯಾವ ಕಚೇರಿಯ ಬಾಗಿಲು ತಟ್ಟಬೇಕೆಂದು ತಿಳಿದಿರಲಿ. ಜಾಗ ಕರ್ನಾಟಕದ್ದೇ ಆದರೂ ಕೆಲಸ ಕೊಟ್ಟದ್ದು ಕೇಂದ್ರ ಸರ್ಕಾರ. ಆದ್ದರಿಂದ ಗುತ್ತಿಗೆ ಕಾರ್ಮಿಕರ ವಿಷಯದಲ್ಲಿ ನಿಮ್ಮ ವರದಿ ಸಲ್ಲಬೇಕಾದದ್ದು ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಅಧೀನದ ಕಚೇರಿಗೆ, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿಗಲ್ಲ. ಕಾನೂನೂ ಈಗ ಬದಲಾಗಿದೆ. 29 ಹಳೆಯ ಕಾಯ್ದೆಗಳನ್ನು ಒಗ್ಗೂಡಿಸಿದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಯಾವುದೇ ನಮೂನೆ ತುಂಬುವ ಮೊದಲು ಅದು ಈಗಲೂ ಚಾಲ್ತಿಯಲ್ಲಿದೆಯೇ ಎಂದು ಆ ಕಚೇರಿಯಲ್ಲಿ ಕೇಳಿಕೊಳ್ಳಿ.

ಕಾರ್ಯಾದೇಶ ಕೈಸೇರಿದ ಕೂಡಲೇ ಪರವಾನಗಿಯತ್ತ ಗಮನ ಕೊಡಿ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ 20 ಜನರಿದ್ದರೆ ಪರವಾನಗಿ ಬೇಕಿತ್ತು. ಹೊಸ ಸಂಹಿತೆಯಲ್ಲಿ ಆ ಮಿತಿ 50ಕ್ಕೆ ಏರಿದೆ, ಪರವಾನಗಿಯ ಅವಧಿ ಐದು ವರ್ಷ. ಪರವಾನಗಿ ಇದ್ದರಷ್ಟೇ ಸಾಲದು. ಕಾರ್ಯಾದೇಶ ಸಿಕ್ಕಿದ್ದನ್ನು ಪ್ರತಿ ಸಲವೂ ಸರ್ಕಾರಕ್ಕೆ ತಿಳಿಸಬೇಕು. ಕೆಲಸ ಆರಂಭವಾದಾಗ ಮತ್ತು ಮುಗಿದಾಗ 15 ದಿನದೊಳಗೆ ತಿಳಿಸಬೇಕೆಂಬುದು ಹಳೆಯ ಕೇಂದ್ರ ನಿಯಮ. ಆ ಗಡುವನ್ನೇ ಇಟ್ಟುಕೊಂಡರೆ ತಡವಾಯಿತೆಂಬ ಆಕ್ಷೇಪಕ್ಕೆ ಆಸ್ಪದ ಕಡಿಮೆ.

ಹೆಚ್ಚಿನವರು ಮರೆಯುವುದು ಖಾಲಿ ಹುದ್ದೆಗಳ ವರದಿಯನ್ನು. 1959ರಿಂದಲೂ ಇದ್ದ ಈ ಕಟ್ಟಳೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಅದು ಅನ್ವಯಿಸುವ ಸಂಸ್ಥೆಗಳು ಸೂಪರ್‌ವೈಸರ್, ಎಲೆಕ್ಟ್ರಿಷಿಯನ್, ಬಾರ್ ಬೆಂಡರ್ ಮುಂತಾದವರನ್ನು ತೆಗೆದುಕೊಳ್ಳುವ ಮುಂಚೆಯೇ ಆ ಹುದ್ದೆಗಳನ್ನು ವೃತ್ತಿ ಕೇಂದ್ರಕ್ಕೆ, ನಾವು ಉದ್ಯೋಗ ವಿನಿಮಯ ಕೇಂದ್ರ ಎನ್ನುತ್ತಿದ್ದ ಕಚೇರಿಗೆ, ತಿಳಿಸಬೇಕು. 90 ದಿನಕ್ಕಿಂತ ಕಡಿಮೆ ಅವಧಿಯ ಕೆಲಸಕ್ಕೆ ವಿನಾಯಿತಿ ಇದೆ. ವೃತ್ತಿ ಕೇಂದ್ರ ಕಳಿಸಿದವರನ್ನೇ ಸೇರಿಸಿಕೊಳ್ಳಬೇಕೆಂಬ ಕಡ್ಡಾಯವಿಲ್ಲ. ಆದರೂ ಇದನ್ನು ಬರೀ ಕಾಗದದ ಕೆಲಸವೆಂದು ತಳ್ಳಿಹಾಕಬೇಡಿ. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಮನೆ, ಗದ್ದೆ, ಕಡಲತೀರ ಬಿಟ್ಟುಕೊಟ್ಟ ಕುಟುಂಬಗಳ ಯುವಕರು ನೆಲೆಯ ಕೆಲಸಕ್ಕಾಗಿ ಕೇಳುತ್ತಲೇ ಬಂದಿದ್ದಾರೆ. ಹುದ್ದೆ ಇದೆಯೆಂಬ ಸುದ್ದಿಯೇ ಊರಿಗೆ ಮುಟ್ಟದಿದ್ದರೆ ಅರ್ಜಿ ಹಾಕುವುದಾದರೂ ಹೇಗೆ? ರಾಷ್ಟ್ರೀಯ ವೃತ್ತಿ ಸೇವಾ ಪೋರ್ಟಲ್‌ನಲ್ಲಿ ಹುದ್ದೆ ಪ್ರಕಟಿಸಲು ಶುಲ್ಕವೂ ಇಲ್ಲ.

ಇನ್ನು ಗೇಟಿನ ಮಾತು. ಭಾರತೀಯ ಪ್ರಜೆಗಳನ್ನೇ ನೇಮಿಸಿಕೊಳ್ಳಬೇಕು, ಅವರ ಪೂರ್ವಾಪರ ವಿಚಾರಿಸಿರಬೇಕು ಎಂಬುದು ಎಂಇಎಸ್ ಗುತ್ತಿಗೆಯ ಸಾಮಾನ್ಯ ಷರತ್ತು. ಯಾರನ್ನಾದರೂ ಕೆಲಸದಿಂದ ತೆಗೆಯಿರಿ ಎಂದು ಎಂಇಎಸ್‌ನ ಗ್ಯಾರಿಸನ್ ಎಂಜಿನಿಯರ್ ಕಾರಣ ಕೊಡದೆಯೂ ಹೇಳಬಹುದು. ಪಾಸ್‌ಗಾಗಿ ಕೊಡುವ ಪಟ್ಟಿಯಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಪಿಎಫ್ ಖಾತೆಯ ಹೆಸರು ಅಕ್ಷರಶಃ ಒಂದೇ ಆಗಿರಲಿ. ಮನೆಯಲ್ಲಿ ಕರೆಯುವ ಹೆಸರನ್ನು ಮೇಸ್ತ್ರಿ ಬರೆಸಿಬಿಟ್ಟರೆ ಮುಂದೆ ಪಿಎಫ್ ಹಣ ತೆಗೆಯುವಾಗ ಅಲೆಯಬೇಕಾದವನು ಆ ಕಾರ್ಮಿಕ.

ಕೆಲಸಕ್ಕೆ ಸೇರಿಸಿಕೊಂಡವರಿಗೆಲ್ಲ ನೇಮಕಾತಿ ಪತ್ರ ಕೊಡುವುದು ಈಗ ಕಡ್ಡಾಯ. ಇದು ದೊಡ್ಡ ಬದಲಾವಣೆ; ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ದುಡಿಯಲು ಬರುವ ಎಷ್ಟೋ ಜನ ಇಂಥ ಪತ್ರವನ್ನು ಕಂಡೇ ಇಲ್ಲ. ಪತ್ರದ ನಕಲಿಗೆ ಸಹಿ ಪಡೆದು, ಸೇರಿದ ದಿನವೇ ಹೆಸರನ್ನು ರಿಜಿಸ್ಟರಿಗೆ ಏರಿಸಿ. ವಯಸ್ಸು, ಸೇರಿದ ದಿನಾಂಕ, ಕಸುಬು, ಬ್ಯಾಂಕ್ ಖಾತೆ, ಊರಿನ ವಿಳಾಸ ಅದರಲ್ಲಿರಬೇಕು. ಹೊರರಾಜ್ಯದವರಾದರೆ ಅವರ ರಾಜ್ಯವನ್ನೂ ಸ್ಪಷ್ಟವಾಗಿ ಬರೆಯಿರಿ, ವಲಸೆ ಕಾರ್ಮಿಕರ ಸೌಲಭ್ಯಗಳಿಗೆ ಅದೇ ಆಧಾರ. ಕೆಲಸ ಕೊಡಿಸಿದ್ದಕ್ಕೆಂದು ಕಾರ್ಮಿಕನಿಂದ ಕಮಿಷನ್ ಮುರಿದುಕೊಳ್ಳುವುದು ನಿಷಿದ್ಧ. ನಿಮ್ಮ ಮೇಸ್ತ್ರಿ ಹಾಗೆ ಮಾಡುತ್ತಿಲ್ಲ ಎಂದು ನೀವೇ ಖುದ್ದಾಗಿ ಕೇಳಿ ತಿಳಿಯಿರಿ.

ತಿಂಗಳ ವರದಿಗೆ ಎರಡು ತಾರೀಖು ನೆನಪಿಡಬೇಕು. ಪಿಎಫ್ ಕಡಿತದ ವಿವರಪಟ್ಟಿ ತಿಂಗಳು ಮುಗಿದ 7 ದಿನದೊಳಗೆ ಪ್ರಧಾನ ಮಾಲೀಕರಿಗೆ, ಅಂದರೆ ಕೆಲಸ ಕೊಟ್ಟ ಇಲಾಖೆಗೆ; ಪಿಎಫ್ ಹಣ 15ನೇ ತಾರೀಖಿನೊಳಗೆ ಖಾತೆಗೆ. ಕೂಲಿ ಬಾಕಿ ಉಳಿಸಿಕೊಂಡರೆ ಇಲಾಖೆಯೇ ಅದನ್ನು ಪಾವತಿಸಿ ನಿಮ್ಮ ಬಿಲ್ಲಿನಿಂದ ಮುರಿದುಕೊಳ್ಳಬಹುದು. 50ರ ಮಿತಿಯೊಳಗಿದ್ದೇವೆ, ನಮಗಿದೆಲ್ಲ ಯಾಕೆ ಎನ್ನುವ ಸಣ್ಣ ಗುತ್ತಿಗೆದಾರರು ಗಮನಿಸಿ: 20 ಜನರಿದ್ದರೆ ಪಿಎಫ್, 10 ಜನರಿದ್ದರೆ ಕಟ್ಟಡ ಕಾರ್ಮಿಕರ ಕಾನೂನು ಅನ್ವಯವಾಗುತ್ತದೆ.

ಕಾಮಗಾರಿ ಮುಗಿದು ಜನ ಊರಿಗೆ ಹೊರಡುವ ಮುನ್ನ ಇನ್ನೊಂದು ಕಾಗದ ಬಾಕಿ ಇರುತ್ತದೆ. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ, 18ರಿಂದ 60 ವರ್ಷದೊಳಗಿನ ಕಟ್ಟಡ ಕಾರ್ಮಿಕರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಸೇನಾ ಆವರಣದೊಳಗೆ ದುಡಿದವರಿಗೂ ಆ ಹಕ್ಕಿದೆ. ಅದಕ್ಕೆ ಬೇಕಾದ 90 ದಿನಗಳ ದೃಢೀಕರಣವನ್ನು ಅವರು ಕೇಳುವವರೆಗೆ ಕಾಯದೆ, ಕೊನೆಯ ಕೂಲಿಯ ಜೊತೆಗೇ ಕೊಟ್ಟು ಕಳಿಸಿ.