ಮಳೆಯಿಲ್ಲದ ದಿನವೂ ಕುಗ್ಗುವ ಸಂಕೇತ: ಬಾಗಲಕೋಟೆಯ ಲೆಕ್ಕ

ಉಪಗ್ರಹ ಸಂಕೇತ ಕುಗ್ಗುವುದು ಮಳೆಯಿಂದ ಮಾತ್ರ ಎಂದು ಬರೆದರೆ ಉತ್ತರ ಅರ್ಧವಷ್ಟೇ. ಬಾದಾಮಿ, ಹುನಗುಂದ, ಇಳಕಲ್ ಮಳೆನೆರಳಿನ ಊರುಗಳು. ಆದರೂ ಮೋಡವಿಲ್ಲದ ದಿನವೂ ಇಲ್ಲಿನ ಗಾಳಿಯ ಆಮ್ಲಜನಕ ಮತ್ತು ನೀರಾವಿ ರೇಡಿಯೊ ಅಲೆಯ ಶಕ್ತಿಯನ್ನು ಹೀರುತ್ತವೆ. ನೀರಾವಿಯ ಹೀರಿಕೆ 22.235 ಗಿಗಾಹರ್ಟ್ಸ್‌ನಲ್ಲಿ ಏರುತ್ತದೆ. ಆಮ್ಲಜನಕದ್ದು 60ರ ಆಸುಪಾಸಿನಲ್ಲಿ ಎಷ್ಟು ತೀವ್ರವೆಂದರೆ, ನೆಲದಿಂದ ಉಪಗ್ರಹ ಸಂಪರ್ಕವೇ ಅಸಾಧ್ಯ. ಮಳೆ ಕಡಿಮೆ, ಹಾಗಾಗಿ ನೀರಾವಿಯೂ ಕಡಿಮೆ ಎನ್ನುವ ವಾದ ನಿಲ್ಲದು: ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ತೇವ ಹನಿಯಾಗಿ ಬೀಳದೆಯೂ ಈ ಬಯಲಿನ ಮೇಲೆ ಹಾದುಹೋಗುತ್ತದೆ. ಆದ್ದರಿಂದ ಅಂದಾಜಿಗೆ ಬೇಕಾದದ್ದು ಮಳೆಮಾಪಕವಲ್ಲ; ಒತ್ತಡ, ಉಷ್ಣತೆ, ನೀರಾವಿಯ ಸಾಂದ್ರತೆ. ಇವನ್ನು ಬಳಸುವ ವಿಧಾನ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.676 ಶಿಫಾರಸಿನಲ್ಲಿದೆ.

ಮಳೆಯ ನಷ್ಟವೇ ಹೆಚ್ಚಲ್ಲವೇ, ಅನಿಲದ ಚಿಲ್ಲರೆ ಏಕೆ ಎಂದು ಕೇಳಬಹುದು. ಮನೆಯ ಡಿಶ್‌ನ ಮಟ್ಟಿಗೆ ಆ ಆಕ್ಷೇಪ ಸರಿಯೇ. 83 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-30 ಉಪಗ್ರಹ ಬಾಗಲಕೋಟೆಗೆ ಸುಮಾರು 69 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ನೆತ್ತಿಯ ನೇರದ ನಷ್ಟವನ್ನು ಎತ್ತರ ಕೋನದ ಸೈನ್‌ನಿಂದ ಭಾಗಿಸಬೇಕು. ನೇರ ನಷ್ಟ 0.5 ಡೆಸಿಬೆಲ್ ಎಂದುಕೊಂಡರೆ ಇಲ್ಲಿ 0.54 ಮಾತ್ರ. ಆದರೆ ಕೆಳಕಕ್ಷೆಯ ಉಪಗ್ರಹ 10 ಡಿಗ್ರಿಗೆ ಇಳಿದಾಗ ಅದೇ ನಷ್ಟ 2.9 ಡೆಸಿಬೆಲ್, ಅಂದರೆ ಹೆಚ್ಚುಕಡಿಮೆ ಅರ್ಧ ಶಕ್ತಿ ಹೋದಂತೆ. ಮಳೆ ಕೆಲವು ಗಂಟೆಗಳದು, ಗಾಳಿ ವರ್ಷವಿಡೀ ಇರುವಂಥದ್ದು. ಕಾ ಬ್ಯಾಂಡ್ ಎಂಬ ಉನ್ನತ ಆವರ್ತನ ಪಟ್ಟಿಯ ಸೇವೆಯ ವಿನ್ಯಾಸಕಾರರು ಈ ಕಾಯಂ ನಷ್ಟವನ್ನು ಮೊದಲೇ ಕಳೆದು, ಆಮೇಲೆ ಮಳೆಗೆ ಮೀಸಲಿಡುತ್ತಾರೆ.