ರಸಮೇವು ಖರೀದಿ: ಟೆಂಡರ್‌ನಲ್ಲಿ ಎಷ್ಟು ವಿಧ, ನಮ್ಮ ಸಂಘಕ್ಕೆ ಯಾವುದು ಸರಿ?



ಬೇಸಿಗೆ ಹತ್ತಿರ ಬಂದಂತೆ ಹಸಿರು ಮೇವು ಕಡಿಮೆಯಾಗುತ್ತದೆ. ಆಗ ಹಲವು ಸಂಘಗಳು ಮುಸುಕಿನ ಜೋಳದ ರಸಮೇವನ್ನು, ಅಂದರೆ ಸೈಲೇಜನ್ನು, ಒಟ್ಟಾಗಿ ಕೊಂಡು ಸದಸ್ಯರಿಗೆ ಹಂಚುತ್ತವೆ. ಇದಕ್ಕೆ ಹಾಕುವ ಹಣ ನೀವು ಹಾಕಿದ ಹಾಲಿನಿಂದ ಬಂದದ್ದು. ಕೆಟ್ಟ ಮೇವು ಬಂದರೆ ನಷ್ಟ ಎರಡು ಕಡೆ: ಸಂಘದ ಖಾತೆಯಲ್ಲಿ ಒಮ್ಮೆ, ನಿಮ್ಮ ಕೊಟ್ಟಿಗೆಯಲ್ಲಿ ಇನ್ನೊಮ್ಮೆ. ಆದ್ದರಿಂದ ಟೆಂಡರ್ ವಿಷಯ ಆಡಳಿತ ಮಂಡಳಿಯವರಿಗಷ್ಟೇ ಅಲ್ಲ, ಪ್ರತಿ ಸದಸ್ಯೆಗೂ ತಿಳಿದಿರಬೇಕು.

ಟೆಂಡರ್ ವಿಧಗಳು

1. ಬಹಿರಂಗ ಟೆಂಡರ್: ಪ್ರಕಟಣೆ ಹೊರಡಿಸಿ, ಅರ್ಹತೆಯುಳ್ಳ ಯಾರು ಬೇಕಾದರೂ ದರ ಹಾಕಲು ಅವಕಾಶ ಕೊಡುವುದು. ಪೈಪೋಟಿ ಹೆಚ್ಚು, ಸಮಯವೂ ಹೆಚ್ಚು ಬೇಕು. ದೊಡ್ಡ ಮೊತ್ತಕ್ಕೆ ಇದೇ ಸೂಕ್ತ. ಸರ್ಕಾರಿ ಖರೀದಿಗಳಿಗಾಗಿ ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕತೆ ಅಧಿನಿಯಮ ಮತ್ತು 2000ದ ನಿಯಮಗಳಿವೆ.

2. ಸೀಮಿತ ಟೆಂಡರ್: ಪರಿಚಿತ, ಅರ್ಹ ಪೂರೈಕೆದಾರರಿಗೆ ಮಾತ್ರ ಪತ್ರ ಬರೆದು ಮುಚ್ಚಿದ ಲಕೋಟೆಯಲ್ಲಿ ದರ ಕೇಳುವುದು.

3. ದರಪಟ್ಟಿ, ಅಂದರೆ ಕೊಟೇಶನ್: ಸಣ್ಣ ಖರೀದಿಗೆ ಕನಿಷ್ಠ ಮೂರು ಕಡೆಯಿಂದ ದರ ತರಿಸಿ ಹೋಲಿಸುವುದು. ಮೂರೂ ದರಪಟ್ಟಿಗಳನ್ನು ಒಬ್ಬನೇ ತಂದುಕೊಟ್ಟರೆ ಅದು ಪೈಪೋಟಿಯಲ್ಲ.

4. ಏಕ ಮೂಲ ಖರೀದಿ: ಒಬ್ಬರಲ್ಲೇ ಕೊಳ್ಳುವುದು. ವಸ್ತು ಬೇರೆಲ್ಲೂ ಸಿಗದಿದ್ದಾಗ ಅಥವಾ ತುರ್ತು ಇದ್ದಾಗ ಮಾತ್ರ. ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆಯಲೇಬೇಕು.

5. ಎರಡು ಲಕೋಟೆ ಪದ್ಧತಿ: ಮೊದಲ ಲಕೋಟೆಯಲ್ಲಿ ಗುಣಮಟ್ಟದ ವಿವರ, ಎರಡನೆಯದರಲ್ಲಿ ದರ. ಗುಣಮಟ್ಟದಲ್ಲಿ ಪಾಸಾದವರ ದರದ ಲಕೋಟೆಯನ್ನು ಮಾತ್ರ ತೆರೆಯಬೇಕು. ಇದನ್ನು ಬಹಿರಂಗ ಅಥವಾ ಸೀಮಿತ ಟೆಂಡರ್ ಜೊತೆ ಸೇರಿಸಿಕೊಳ್ಳಬಹುದು.

ಯಾವ ಮೊತ್ತಕ್ಕೆ ಯಾವ ವಿಧ ಎಂಬುದನ್ನು ನಿಮ್ಮ ಸಂಘದ ಬೈಲಾ ಮತ್ತು ಒಕ್ಕೂಟದ ಸುತ್ತೋಲೆ ನೋಡಿ, ವಿಸ್ತರಣಾಧಿಕಾರಿಯವರನ್ನು ಕೇಳಿ ತೀರ್ಮಾನಿಸಿ. ಮಿತಿ ತಪ್ಪಿಸಲು ಒಂದೇ ಖರೀದಿಯನ್ನು ತುಂಡು ತುಂಡು ಮಾಡಬಾರದು.

ಕಡಿಮೆ ದರ ಎಂದರೆ ಅಗ್ಗವೇ?

ಮೇವಿನ ಖರೀದಿಗೆ ಎರಡು ಲಕೋಟೆ ಪದ್ಧತಿಯೇ ಒಳ್ಳೆಯದು ಎನ್ನಲು ಕಾರಣವಿದೆ. ರಸಮೇವಿನಲ್ಲಿ ಹಸುವಿಗೆ ದಕ್ಕುವುದು ನೀರಲ್ಲ, ಒಣ ಅಂಶ. ಒಂದು ಲೆಕ್ಕ ಮಾಡಿ ನೋಡೋಣ. ಸಂಘಕ್ಕೆ 20 ಟನ್ ಬೇಕು ಎಂದುಕೊಳ್ಳಿ.

ಮೊದಲನೆಯವರ ದರ ಕಿಲೋಗೆ ರೂ. 6.50, ಒಣ ಅಂಶ ಶೇ. 24. ಒಟ್ಟು ರೂ. 1,30,000ಕ್ಕೆ ಸಿಗುವ ಒಣ ಅಂಶ 4.8 ಟನ್. ಅಂದರೆ ಒಣ ಅಂಶ ಕಿಲೋಗೆ ಸುಮಾರು ರೂ. 27.

ಎರಡನೆಯವರ ದರ ಕಿಲೋಗೆ ರೂ. 7.50, ಒಣ ಅಂಶ ಶೇ. 32. ಒಟ್ಟು ರೂ. 1,50,000ಕ್ಕೆ 6.4 ಟನ್. ಅಂದರೆ ಕಿಲೋಗೆ ಸುಮಾರು ರೂ. 23.50.

ಅದೇ 6.4 ಟನ್ ಒಣ ಅಂಶವನ್ನು ಮೊದಲನೆಯವರಿಂದ ಪಡೆಯಲು ರೂ. 1,73,000ಕ್ಕೂ ಹೆಚ್ಚು ಬೇಕು. ದರ ಮಾತ್ರ ನೋಡಿ ಸಹಿ ಹಾಕಿದರೆ ನೀರಿಗೆ ಹಣ ಕೊಟ್ಟಂತೆ.

ಷರತ್ತಿನಲ್ಲಿ ಏನು ಬರೆಯಬೇಕು?

• ಒಣ ಅಂಶ ಶೇ. 30ರಿಂದ 35, ಪಿ.ಎಚ್. 3.8ರಿಂದ 4.2.
• ಬೂಷ್ಟು, ಕೊಳೆತ ವಾಸನೆ, ಮಣ್ಣು ಇರಬಾರದು.
• ಸಾಗಣೆ, ಇಳಿಸುವ ಕೂಲಿ, ತೆರಿಗೆ ಎಲ್ಲ ಸೇರಿ ಸಂಘದ ಬಾಗಿಲಿಗೆ ಬಿದ್ದ ದರ.
• ಹರಿದ ಚೀಲ, ಕೆಟ್ಟ ಮಾಲು ವಾಪಸ್, ತಡವಾದರೆ ದಂಡ.
• ತೂಕ ಪರಿಶೀಲಿಸಿ ಮಾದರಿ ಒಪ್ಪಿಗೆಯಾದ ಮೇಲಷ್ಟೇ ಹಣ.

ಬೂಷ್ಟಿನ ವಿಷಯದಲ್ಲಿ ರಾಜಿ ಬೇಡ. ಬೂಷ್ಟು ಹಿಡಿದ ಮೇವಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಹಾಲಿಗೂ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ ಇದೆ.

ಲಕೋಟೆ ತೆರೆಯುವ ದಿನ

ಗೊತ್ತುಪಡಿಸಿದ ದಿನ, ಸಮಯಕ್ಕೆ, ದರ ಹಾಕಿದವರ ಎದುರಿನಲ್ಲೇ ಲಕೋಟೆ ತೆರೆಯಿರಿ. ತಡವಾಗಿ ಬಂದದ್ದನ್ನು ಸೇರಿಸಬೇಡಿ. ಹೋಲಿಕೆ ಪಟ್ಟಿ ಬರೆದು ಎಲ್ಲರೂ ಸಹಿ ಹಾಕಿ. ಒಬ್ಬರ ದರವನ್ನು ಇನ್ನೊಬ್ಬರಿಗೆ ಮೊದಲೇ ಫೋನ್ ಮಾಡಿ ತಿಳಿಸುವುದು ಸಲ್ಲದು. ಮಂಡಳಿಯ ಸದಸ್ಯೆಯ ಸಂಬಂಧಿಕರು ದರ ಹಾಕಿದ್ದರೆ, ಆಕೆ ಅದನ್ನು ಸಭೆಗೆ ತಿಳಿಸಿ ಆ ತೀರ್ಮಾನದಿಂದ ದೂರ ಉಳಿಯಲಿ.

ಮಾಲು ಬಂದ ದಿನ

ಲಾರಿಯಿಂದ ಬೇರೆ ಬೇರೆ ಚೀಲ ಆರಿಸಿ, ಒಳಗಿನಿಂದ ಒಂದು ಹಿಡಿ ಮೇವು ತೆಗೆದು ಗಟ್ಟಿಯಾಗಿ ಹಿಂಡಿ. ರಸ ಸುರಿದು ಉಂಡೆ ಹಾಗೇ ನಿಂತರೆ ನೀರು ಹೆಚ್ಚು. ರಸ ಬಾರದೆ ಉಂಡೆ ನಿಧಾನವಾಗಿ ಬಿಚ್ಚಿಕೊಂಡರೆ ಒಣ ಅಂಶ ಸರಿಯಾಗಿದೆ. ಬಣ್ಣ ಹಳದಿ ಮಿಶ್ರಿತ ಹಸಿರು, ವಾಸನೆ ಹಿತವಾದ ಹುಳಿ ಇರಬೇಕು. ಇದು ಅಂದಾಜು ಪರೀಕ್ಷೆ. ಸಂಶಯವಿದ್ದರೆ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ, ವರದಿ ಬರುವವರೆಗೆ ಬಿಲ್ ತಡೆಹಿಡಿಯಿರಿ.

ಮುಂದಿನ ಮಹಾಸಭೆಯಲ್ಲಿ ಖರೀದಿಯ ಲೆಕ್ಕ ಓದುವಾಗ ಪ್ರತಿ ಸದಸ್ಯೆಯೂ ಮೂರು ಪ್ರಶ್ನೆ ಕೇಳಬಹುದು: ಎಷ್ಟು ಜನ ದರ ಹಾಕಿದ್ದರು? ಇವರನ್ನೇ ಯಾಕೆ ಆರಿಸಿದಿರಿ? ಮಾಲು ಬಂದಾಗ ಯಾರು ಪರೀಕ್ಷಿಸಿದರು? ಮೂರಕ್ಕೂ ಉತ್ತರ ನಡಾವಳಿಯಲ್ಲಿದ್ದರೆ ನಿಮ್ಮ ಹಣ ಸರಿಯಾದ ದಾರಿಯಲ್ಲಿದೆ.